ಮೀಟರಕ್ಕನ ಕೆಂಪು ಬಾಣ

ಬ್ರೆಡ್ ಬೇಯಿಸುವ ಒಲೆ ಕರೆಂಟ್ ತಿನ್ನುತ್ತೆ. ಇದಕ್ಕೆ ಓದು ಬರಹ ಏನೂ ಬೇಡ, ಎಷ್ಟು ತಿನ್ನುತ್ತೆ ಅನ್ನೋದಕ್ಕೆ ಮಾತ್ರ ಮೀಟರು ಬೇಕು. ಆದರೆ ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬೇಕರಿಯ ಹಿಂದಿನ ಕೋಣೆಯಲ್ಲಿ ಮೀಟರು ತೋರಿಸಿದ್ದೇ ಬೇರೆ. ಮೂರೂವರೆ ಕಿಲೋವಾಟ್, ಸರಿ. ಆದರೆ ಅಂಕಿಯ ಮುಂದೆ ಒಂದು ಸಣ್ಣ ಅಡ್ಡಗೆರೆ. ಮೈನಸ್.

"ಏನಕ್ಕಾ, ನನ್ನ ಒಲೆ ಊರಿಗೆಲ್ಲ ಕರೆಂಟ್ ಹಂಚ್ತಾ ಇದೆಯಾ?" ಬೇಕರಿಯವನು ಅವಳ ಭುಜದ ಮೇಲಿಂದ ಇಣುಕಿ ನಕ್ಕ. "ಹಾಗಾದ್ರೆ ನಾಳೆಯಿಂದ ಬ್ರೆಡ್ ಬಿಟ್ಟು ಕರೆಂಟೇ ಮಾರ್ತೀನಿ."

ಅವಳು ನಗಲಿಲ್ಲ. ತಂತಿಯನ್ನು ಕಚ್ಚಿ ಹಿಡಿದಿದ್ದ ಕ್ಲಾಂಪನ್ನು ಬಿಚ್ಚಿದಳು. ಈ ಕ್ಲಾಂಪು ಅನ್ನೋದು ಇಕ್ಕಳದ ಹಾಗೆ, ಬಾಯಿ ತೆರೆದು ತಂತಿಯ ಸುತ್ತ ಕಚ್ಚಿಸಿದರೆ ಒಳಗೆ ಹರಿಯೋದನ್ನ ಅಳೆದು ಹೇಳುತ್ತೆ. ಅದರ ಮೈಮೇಲೆ ಒಂದು ಬಾಣದ ಗುರುತು ಇರುತ್ತೆ, ಆ ಬಾಣ ಯಂತ್ರದ ಕಡೆ ಮುಖ ಮಾಡಿರಬೇಕು. ಮುಖ ತಿರುಗಿದರೆ ಯಂತ್ರ ಕರೆಂಟ್ ವಾಪಸ್ ಕೊಡ್ತಿದೆ ಅಂತ ಮೀಟರು ತಿಳಿಯುತ್ತೆ. ಅವಳು ಬಾಣ ನೋಡಿದಳು. ಕೆಂಪು ಬಾಣ ಒಲೆಯ ಕಡೆಗೇ ಇತ್ತು. ಸರಿಯಾಗೇ ಇತ್ತು. ಹಾಗಿದ್ದರೆ ಸರಿಯಿಲ್ಲದ್ದು ಬಾಣವೇ.

ಕ್ಲಾಂಪನ್ನ ಬೆಳಕಿಗೆ ಹಿಡಿದು ಬಾಣವನ್ನ ಇನ್ನೊಮ್ಮೆ ನೋಡಿದಳು.

ಇವಳನ್ನ ಊರೆಲ್ಲ ಕರೆಯೋದು ಮೀಟರಕ್ಕ ಅಂತ. ಸ್ವಂತ ಹೆಸರು ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ, ಅವನೂ ಹಾಗೇ ಕರೀತಾನೆ. ಅವನು ದರ್ಜಿ. "ಮನೇಲಿ ಇಬ್ಬರೂ ಅಳೆಯೋರೇ. ನಾನು ತಪ್ಪಿದರೆ ಒಬ್ಬನ ಅಂಗಿ ಬಿಗಿಯಾಗುತ್ತೆ, ಇವಳು ತಪ್ಪೋದೇ ಇಲ್ಲ," ಅಂತ ಬಂದವರ ಹತ್ತಿರ ಹೇಳಿಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಕಚೇರಿಯಲ್ಲಿ ಬೇರೆಯವರು ಅಳೆದು ತಂದ ಅಂಕಿಗಳನ್ನ ನಕಲು ಮಾಡುವ ಗುಮಾಸ್ತೆಯಾಗಿ ಸೇರಿದವಳು ಅವಳು. ಒಂದು ದಿನ ಸಾಹೇಬರ ಮುಂದೆ ಹೋಗಿ, "ಈ ಲಿಫ್ಟು ಹೋದ ತಿಂಗಳೂ ಇಷ್ಟೇ, ಈ ತಿಂಗಳೂ ಇಷ್ಟೇ. ಅಳೆಯೋಕೆ ಹೋದವರು ಚಹಾ ಅಂಗಡಿ ದಾಟಿಲ್ಲ," ಅಂದಳು. ಸಾಹೇಬರು ಸಿಟ್ಟಾಗಿ, ಅಷ್ಟು ಗೊತ್ತಿದ್ದರೆ ನೀನೇ ಹೋಗು ಅಂದರು. ಹೋದಳು. ಅವತ್ತಿನಿಂದ ಲಿಫ್ಟು, ಪಂಪು, ಫ್ಯಾನು, ತಂಪು ಮಾಡುವ ಯಂತ್ರ, ಯಾವ ಕಟ್ಟಡದ ಯಾವ ಯಂತ್ರ ಎಷ್ಟು ಕರೆಂಟ್ ನುಂಗುತ್ತೆ ಅಂತ ತಿಳಿಯಬೇಕಾದರೂ ಜನ ಅವಳನ್ನೇ ಕರೆದರು.

ಬಾಯಿ ಜೋರು, ಕೈ ಚೊಕ್ಕ. ಎಲ್ಲ ಸರಿ. ಒಂದು ಚಟ ಮಾತ್ರ ಇತ್ತು. ಜನ ಬೇಕಿದ್ದಕ್ಕಿಂತ ದೊಡ್ಡ ಯಂತ್ರ ತಂದು ಕೂರಿಸ್ತಾರೆ ಅನ್ನೋದು ಅವಳ ವಾದ. ನೂರಾರು ಕಡೆ ಅದು ನಿಜವೂ ಆಗಿತ್ತು. ನಿಜವಾಗಿ ನಿಜವಾಗಿ, ಕೊನೆಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಹಂತಕ್ಕೆ ಬಂದುಬಿಟ್ಟಿದ್ದಳು. ಅಂಕಿ ಕಡಿಮೆ ಬಂದರೆ ಅವಳಿಗೆ ಆಶ್ಚರ್ಯವೇ ಆಗುತ್ತಿರಲಿಲ್ಲ, ಖುಷಿಯಾಗುತ್ತಿತ್ತು.

ಈಗ ಬೇಕರಿಯ ಹಿಟ್ಟಿನ ಮೂಟೆ ಮೇಲೆ ಕೂತು ನೆನಪು ಮಾಡಿಕೊಂಡಳು. ಮೀಟರಿಗೆ ಮೂರು ಕ್ಲಾಂಪು. ಮೂರನೆಯದರ ಬಾಣ ಕೈಯಾಡಿ ಆಡಿ ಅಳಿಸಿಹೋಗಿತ್ತು. ಮೂರು ವಾರದ ಹಿಂದೆ ಒಂದು ಭಾನುವಾರ, ಮಗಳ ಮೇಜಿನ ಮೇಲಿದ್ದ ಕೆಂಪು ನೇಲ್ ಪಾಲಿಶ್ ತಗೊಂಡು ಅವಳೇ ಹೊಸ ಬಾಣ ಬರೆದಿದ್ದಳು. ಕ್ಲಾಂಪನ್ನ ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಬರೆದಿದ್ದಳು. "ಅಮ್ಮ, ಹೇಳದೆ ಕೇಳದೆ ನನ್ನ ಬಾಟ್ಲಿ ಮುಟ್ಬೇಡ," ಅಂತ ಮಗಳು ಕೂಗಿದ್ದಕ್ಕೆ ಇವಳು ತಿರುಗಿ ಬೈದಿದ್ದಳು. ಬೈಯುವ ಭರದಲ್ಲಿ ಇನ್ನೊಂದು ಕ್ಲಾಂಪಿನ ಪಕ್ಕ ಇಟ್ಟು ನೋಡಲಿಲ್ಲ. ಬಾಣ ತಲೆಕೆಳಗಾಗಿತ್ತು.

ಮರುದಿನ ಸೋಮವಾರ ಅವಳು ಅಳೆದದ್ದು ಆಸ್ಪತ್ರೆಯ ಚಿಲ್ಲರ್. ಆಪರೇಷನ್ ಕೋಣೆಗಳನ್ನ ತಂಪಾಗಿಡುವ ದೊಡ್ಡ ಯಂತ್ರ ಅದು. ಅದಕ್ಕೆ ಮೂರು ತಂತಿ, ಮೂರಕ್ಕೂ ಮೂರು ಕ್ಲಾಂಪು ಹಾಕಿದ್ದಳು. ಒಂದೊಂದು ತಂತಿಯಲ್ಲಿ ಇಪ್ಪತ್ತೆರಡು ಕಿಲೋವಾಟ್. ಎರಡು ಕೂಡಿತು, ಉಲ್ಟಾ ಬಾಣದ ಮೂರನೆಯದು ಕಳೆಯಿತು. ಉಳಿದದ್ದು ಇಪ್ಪತ್ತೆರಡು. ನಿಜಕ್ಕೆ ಅರವತ್ತಾರು. ಒಂದೊಂದು ತಂತಿಯನ್ನ ಬೇರೆ ಬೇರೆ ನೋಡಿದ್ದರೆ ಮೈನಸ್ ಕಣ್ಣಿಗೆ ಹೊಡೆಯುತ್ತಿತ್ತು. ಹಾಗೆ ನೋಡೋದನ್ನ ಅವಳು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮೊತ್ತ ನೋಡಿದಳು, ಒಳಗೊಳಗೇ ಹಿಗ್ಗಿದಳು, 'ಬೇಕಿದ್ದಕ್ಕಿಂತ ಬಲು ದೊಡ್ಡ ಯಂತ್ರ' ಅಂತ ವರದಿ ಬರೆದು ಸಹಿ ಹಾಕಿದಳು. ಆಮೇಲೆ ಮೂರು ವಾರ ಕಚೇರಿಯ ಬರವಣಿಗೆಯಲ್ಲೇ ಕಳೆದುಹೋಗಿ, ಮೀಟರು ಚೀಲ ಬಿಟ್ಟು ಹೊರಗೆ ಬಂದದ್ದು ಇವತ್ತೇ.

ಇವತ್ತು ಹನ್ನೊಂದು ಗಂಟೆಗೆ ಆಸ್ಪತ್ರೆಯ ಟ್ರಾನ್ಸ್‌ಫಾರ್ಮರ್ ಬದಲಾಯಿಸೋದಿತ್ತು. ಹಳೆಯದು ಎಣ್ಣೆ ಸೋರುತ್ತಿತ್ತು, ಮುಂದೂಡುವ ಹಾಗಿರಲಿಲ್ಲ. ಅದನ್ನ ಎತ್ತಿದ ಮೇಲೆ ಆರು ಗಂಟೆ ಹೊರಗಿನ ಕರೆಂಟ್ ಇಲ್ಲ, ಇಡೀ ಆಸ್ಪತ್ರೆ ಜನರೇಟರ್ ಮೇಲೆ. ಆ ಜನರೇಟರ್ ತಾಳೋದು ಇನ್ನೂರು ಕಿಲೋವಾಟ್. ಬೇರೆಲ್ಲ ಆಫ್ ಮಾಡಿದ ಮೇಲೂ ನಿಲ್ಲಿಸಲಾಗದ ಯಂತ್ರಗಳು ನೂರ ನಲವತ್ತು. ಚಿಲ್ಲರ್ ಇಪ್ಪತ್ತೆರಡು ಸೇರಿದರೆ ನೂರ ಅರವತ್ತೆರಡು, ಆರಾಮ. ಅರವತ್ತಾರು ಸೇರಿದರೆ ಇನ್ನೂರ ಆರು. ಹೊರೆ ತಾಳದೆ ಅದು ನಿಂತರೆ ಮತ್ತೆ ಏಳಿಸೋಕೆ ಇಪ್ಪತ್ತು ನಿಮಿಷ, ಅಂಥ ಮುದಿ ಯಂತ್ರ. ಆಪರೇಷನ್ ಕೋಣೆಯ ಬ್ಯಾಟರಿಗಳು ತಡೆಯೋದು ಹತ್ತೇ ನಿಮಿಷ. ನಡುವೆ ಉಳಿದ ಹತ್ತು ನಿಮಿಷ ಏನಾಗುತ್ತೆ ಅಂತ ಯೋಚಿಸೋಕೂ ಅವಳಿಗೆ ಧೈರ್ಯ ಬರಲಿಲ್ಲ.

ಆಸ್ಪತ್ರೆಯ ಎಲೆಕ್ಟ್ರಿಕಲ್ ಸೂಪರ್‌ವೈಸರಿಗೆ ಫೋನ್ ಹಚ್ಚಿದಳು. ಅವನು ಒಂದು ಕಾಲದಲ್ಲಿ ಅವಳ ಕೈಕೆಳಗೇ ಕೆಲಸ ಕಲಿತವನು. ಮದುವೆಯ ದಿನವೂ ಜೇಬಲ್ಲಿ ಟೆಸ್ಟರ್ ಇಟ್ಟುಕೊಂಡು ಬಂದದ್ದಕ್ಕೆ ಟೆಸ್ಟರ್ ಅಂತಲೇ ಹೆಸರು ಬಿದ್ದಿತ್ತು. ಫೋನ್ ಎತ್ತಲಿಲ್ಲ. ಅವನು ಜನರೇಟರ್ ಪಕ್ಕ ನಿಂತಿರ್ತಾನೆ, ಅಲ್ಲಿ ಸಿಡಿಲು ಬಡಿದರೂ ಕೇಳಲ್ಲ. ಆಸ್ಪತ್ರೆಯ ನಂಬರಿಗೆ ಮಾಡಿದಳು. ಚಿಲ್ಲರ್ ಆಫ್ ಮಾಡಬೇಕು ಅಂತ ಹೇಳಿ ಅಂದರೆ, ಫೋನ್ ಎತ್ತಿದ ಹುಡುಗಿ ಸಾವಧಾನವಾಗಿ, "ಪೇಷಂಟ್ ಹೆಸರು ಹೇಳಿ ಮೇಡಂ," ಅಂದಳು. ಅವಳ ತಪ್ಪಲ್ಲ ಬಿಡಿ. ಅಲ್ಲಿಗೆ ಫೋನ್ ಮಾಡೋರೆಲ್ಲ ಪೇಷಂಟ್ ಕಡೆಯವರೇ.

"ನಿನ್ನ ವ್ಯಾನ್ ತೆಗಿ," ಅಂದಳು ಬೇಕರಿಯವನಿಗೆ.

"ಅಕ್ಕ, ಒಲೇಲಿ ಬ್ರೆಡ್..."

"ಸುಟ್ಟುಕೊಂಡು ಹೋಗ್ಲಿ."

ಅವಳ ಮುಖ ನೋಡಿ ಅವನು ಒಲೆ ಆರಿಸಿ ಬೀಗದ ಕೈ ತಗೊಂಡ. ಬ್ರೆಡ್ ತಟ್ಟೆಗಳು ಹಿಂದೆ ಗಡಗಡ ಅನ್ನುತ್ತಿದ್ದವು. ಸಿಗ್ನಲಲ್ಲಿ ನಿಂತಾಗಲೆಲ್ಲ ಅವಳು ಗಡಿಯಾರ ನೋಡಿದಳು. ದಾರಿಯುದ್ದಕ್ಕೂ ನೆನಪಾಗುತ್ತಿದ್ದದ್ದು ಅಂಕಿಯಲ್ಲ, ಮೂರು ವಾರದ ಹಿಂದಿನ ಒಂದು ಮಾತು. ಅಳೆದಾದ ಮೇಲೆ ಟೆಸ್ಟರ್ ತಲೆ ಕೆರೆದುಕೊಂಡು ಕೇಳಿದ್ದ: "ಅಕ್ಕ, ಇಷ್ಟು ದೊಡ್ಡ ಯಂತ್ರಕ್ಕೆ ಇಷ್ಟು ಕಡಿಮೆ ಬರುತ್ತಾ?" ಹತ್ತು ಜನರ ಮುಂದೆ ಅವಳು, "ನನ್ನ ಮೀಟರ್ ಮೇಲೆ ಅನುಮಾನ ಇದ್ರೆ ತಂತಿಗೆ ನಾಲಿಗೆ ಇಟ್ಟು ನೋಡ್ಕೋ," ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ, ಕಿವಿ ಮಾತ್ರ ಕೆಂಪಗಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತಿನ ಮೇಲೆಯೇ ಅವನು ಇನ್ನೊಂದು ಜನರೇಟರ್ ತರಿಸಬೇಕು ಅನ್ನೋ ಬೇಡಿಕೆಯನ್ನ ಕೈಬಿಟ್ಟಿದ್ದ.

ಹತ್ತು ನಲವತ್ತಕ್ಕೆ ಗೇಟು. ಒಳಗೆ ಕ್ರೇನು ಆಗಲೇ ಕೈ ಚಾಚಿ ನಿಂತಿತ್ತು. ಆಪರೇಷನ್ ಕೋಣೆಯ ಮುಂದಿನ ಹಾದಿಯಲ್ಲೇ ಬೇಸ್‌ಮೆಂಟಿಗೆ ಮೆಟ್ಟಿಲು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಕೆಳಗಿನ ಬೆಂಚಿನ ಮೇಲೆ ಒಬ್ಬ ತಾಯಿ, ತೊಡೆಯ ಮೇಲೆ ಪುಟ್ಟದೊಂದು ಜೊತೆ ಶಾಲೆಯ ಶೂ. ಪಕ್ಕದಲ್ಲಿ ಹೋಗುತ್ತಿದ್ದ ಆಯಾಳನ್ನ ಮೀಟರಕ್ಕ ಕೇಳಿದಳು. ಒಂಬತ್ತು ವರ್ಷದ ಹುಡುಗಿ, ಬೆಳಿಗ್ಗೆ ರಸ್ತೆ ದಾಟುವಾಗ ಬಸ್ಸು ತಗುಲಿದೆ, ಎಂಟೂವರೆಗೆ ಒಳಗೆ ಕರಕೊಂಡು ಹೋಗಿದ್ದಾರೆ, ಮಧ್ಯಾಹ್ನದವರೆಗೆ ಆಗುತ್ತೆ. ಮೀಟರಕ್ಕ ಆ ಶೂಗಳನ್ನ ಇನ್ನೊಮ್ಮೆ ನೋಡದೆ ಮೆಟ್ಟಿಲಿಳಿದಳು.

ಕೆಳಗೆ ಟೆಸ್ಟರ್, ಅವನ ಪಕ್ಕ ಕಡತ ಹಿಡಿದ ಆಡಳಿತಾಧಿಕಾರಿ ಮೇಡಂ. ಜನರೇಟರ್ ಕೋಣೆಯ ಬಾಗಿಲು ಮುಚ್ಚಿದ್ದರೂ ಸದ್ದು ನೆಲದಿಂದ ಕಾಲಿಗೆ ಹತ್ತುತ್ತಿತ್ತು.

"ಟೆಸ್ಟರ್, ಚಿಲ್ಲರನ್ನ ಜನರೇಟರಿಗೆ ಹಾಕ್ಬೇಡ. ನನ್ನ ಅಂಕಿ ತಪ್ಪು."

ಅವನು ನಕ್ಕ. "ಅಕ್ಕ, ಇವತ್ತೊಂದಿನ ತಮಾಷೆ ಬೇಡ."

"ತಮಾಷೆ ಅಲ್ಲ ಕಣೋ. ಬಾಣ ಉಲ್ಟಾ ಬರೆದಿದ್ದೆ. ಇಪ್ಪತ್ತೆರಡಲ್ಲ, ಅರವತ್ತಾರು."

ಇಷ್ಟು ವರ್ಷ ಅವಳು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ಎಲ್ಲರನ್ನೂ ಪಳಗಿಸಿದ್ದಳು. ಆ ಪಳಗಿದ ಜನವೇ ಈಗ ಎದುರು ನಿಂತಿತ್ತು. ಟೆಸ್ಟರ್ ಅವಳ ಹಣೆ ನೋಡಿದ, ಜ್ವರ ಇದೆಯೇನೋ ಅನ್ನೋ ಹಾಗೆ. "ನೀವು ತಪ್ಪು ಅಳೀತೀರಾ? ಸಾಧ್ಯವೇ ಇಲ್ಲ ಅಕ್ಕ. ಓಡಿ ಬಂದಿದೀರಿ, ಕೂತ್ಕೊಳ್ಳಿ, ನೀರು ಕುಡೀರಿ."

ಮೇಡಂ ಕಡತದಿಂದ ವರದಿ ತೆಗೆದು ತೋರಿಸಿದರು. "ನಿಮ್ಮದೇ ಸಹಿ ಅಲ್ವಾ? ಇವರು ಎರಡನೇ ಜನರೇಟರ್ ಬೇಕು ಅಂತ ಹಟ ಹಿಡಿದಾಗ ಬೇಡ ಅಂತ ಮೇಜು ಗುದ್ದಿದವರೂ ನೀವೇ."

"ನಾನೇ. ಅದಕ್ಕೇ ಓಡಿ ಬಂದೆ."

"ಹಾಗಾದ್ರೆ ನೀವೇ ಹೇಳಿ. ಮೂರು ವಾರದ ಹಿಂದಿನ ನಿಮ್ಮನ್ನ ನಂಬ್ಲಾ, ಈಗಿನ ನಿಮ್ಮನ್ನ ನಂಬ್ಲಾ?"

ಇಂಥ ಪ್ರಶ್ನೆಯನ್ನ ಮೀಟರಕ್ಕನಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ವರದಿಯನ್ನ ಪಕ್ಕಕ್ಕೆ ಸರಿಸಿದಳು. "ಯಾರನ್ನೂ ನಂಬ್ಬೇಡಿ. ಚಿಲ್ಲರ್ ನಿಲ್ಲಿಸಿ, ಇಡೀ ಆಸ್ಪತ್ರೆಯ ಮೇನ್ ಮೀಟರ್ ನೋಡಿ. ಎಷ್ಟು ಇಳಿಯುತ್ತೋ ಅಷ್ಟೇ ಅದರ ತೂಕ. ಇದಕ್ಕೆ ನನ್ನ ಕ್ಲಾಂಪೂ ಬೇಡ, ನಾನೂ ಬೇಡ."

"ನಿಲ್ಲಿಸಿದರೆ ಅರ್ಧ ಗಂಟೆ ಮತ್ತೆ ಶುರುವಾಗಲ್ಲ," ಅಂದರು ಮೇಡಂ. "ಮೇಲೆ ಮಗುವಿನ ಹೊಟ್ಟೆ ತೆರೆದಿದ್ದಾರೆ. ತಂಪು ಕೈಕೊಡಬಾರದು ಅಂತ ಸರ್ಜನ್ ಬೆಳಿಗ್ಗೆನೇ ಎಚ್ಚರಿಸಿದ್ದಾರೆ. ನಿಮ್ಮ ಹೊಸ ಮಾತು ಸುಳ್ಳಾದರೆ ಉತ್ತರ ಕೊಡೋರು ಯಾರು? ನಾನು ಒಪ್ಪಲ್ಲ."

ಹತ್ತು ಐವತ್ತು. ಮೇಲಿಂದ ಕ್ರೇನಿನವರ ಕೂಗು ಕೇಳಿಸಿತು, ಅವರು ಸಿದ್ಧ. ಟೆಸ್ಟರ್ ಅಡಕತ್ತರಿಯಲ್ಲಿ ಸಿಕ್ಕ ಹಾಗೆ ಒಮ್ಮೆ ಕಾಗದ ನೋಡುತ್ತಾನೆ, ಒಮ್ಮೆ ಅಕ್ಕನ ಮುಖ ನೋಡುತ್ತಾನೆ.

"ಅವತ್ತು ನೀನು ಕೇಳಿದೆ," ಅಂದಳು ಮೀಟರಕ್ಕ. ಧ್ವನಿ ಸಣ್ಣಗಾಗಿತ್ತು. "ಇಷ್ಟು ಕಡಿಮೆ ಬರುತ್ತಾ ಅಂತ. ನಿನಗೆ ಬಂದ ಅನುಮಾನ ಸರಿಯಾಗಿತ್ತು. ನಾನು ನಿನ್ನ ಬಾಯಿ ಮುಚ್ಚಿಸಿದೆ, ಹತ್ತು ಜನರ ಮುಂದೆ ಮಾನ ಕಳೆದೆ. ನನ್ನ ಮಾತು ಇವತ್ತೂ ಕೇಳ್ಬೇಡ. ಅವತ್ತು ನಿನಗೇನು ಅನ್ನಿಸಿತ್ತೋ, ಅದನ್ನ ಕೇಳು."

ಟೆಸ್ಟರ್ ಗೋಡೆಯ ಫೋನೆತ್ತಿ ಆಪರೇಷನ್ ಕೋಣೆಯ ನರ್ಸಿಗೆ, "ಸಿಸ್ಟರ್, ತಂಪು ನಿಲ್ಲುತ್ತೆ, ದೀಪ, ಯಂತ್ರ ಎಲ್ಲ ಇರುತ್ತೆ, ಡಾಕ್ಟರಿಗೆ ಹೇಳಿ, ಬೈಗುಳ ನನಗಿರಲಿ," ಅಂದ. ಮೇಡಂ ಕೈ ಅಡ್ಡ ಹಿಡಿದರು. ಅವನು ಅವರನ್ನ ಬಳಸಿಕೊಂಡು ಹೋಗಿ ಚಿಲ್ಲರಿನ ಪ್ಯಾನೆಲ್ ಮುಂದೆ ನಿಂತ.

"ಅಕ್ಕ, ಮೇನ್ ಮೀಟರ್ ನೀವು ಓದ್ತೀರಾ?"

"ನಾನು ನೋಡಲ್ಲ. ನೀನೇ ಓದು." ಅವಳು ಗೋಡೆಗೆ ಮುಖ ಮಾಡಿ ನಿಂತಳು.

"ಈಗ ಮುನ್ನೂರ ಹನ್ನೆರಡು." ಅವನು ಗುಂಡಿ ಒತ್ತಿ, ನಾಲ್ಕು ಹೆಜ್ಜೆಯಲ್ಲಿ ಮೀಟರಿನ ಮುಂದೆ ಬಂದ.

ಯಂತ್ರದ ಮೊರೆತ ಒಂದು ಹಂತ ಇಳಿಯಿತು.

"ಮುನ್ನೂರ ಹತ್ತು... ಮುನ್ನೂರು... ಇನ್ನೂರ ತೊಂಬತ್ತು." ಅವನು ತಡೆದ. "ಇನ್ನೂರ ತೊಂಬತ್ತು, ಅಕ್ಕ. ನಿಂತಿತು."

ಮೇಡಂ ಜೋರಾಗಿ ಉಸಿರು ಬಿಟ್ಟರು. "ಸರಿಯಾಗಿ ಇಪ್ಪತ್ತೆರಡು. ವರದಿಯಲ್ಲಿದ್ದ ಹಾಗೇ. ಸುಮ್ಮನೆ ತಂಪು ನಿಲ್ಲಿಸಿಬಿಟ್ರಿ."

ಇಪ್ಪತ್ತೆರಡು ವರ್ಷ ತನ್ನ ಅಂಕಿ ನಿಜವಾಗಲಿ ಅಂತ ಕಾದವಳು ಅವಳು. ಈಗ ಗೋಡೆಯ ಸುಣ್ಣ ನೋಡುತ್ತ, ಸುಳ್ಳಾಗಲಿ, ದೇವರೇ, ನನ್ನದು ಸುಳ್ಳಾಗಲಿ ಅಂತ ಬೇಡಿಕೊಂಡಳು. ಕಿವಿ ಮಾತ್ರ ಯಂತ್ರದ ಕಡೆಗಿತ್ತು. ಮೊರೆತ ಇನ್ನೂ ಇತ್ತು. ಚಿಲ್ಲರಿನ ಹೊಟ್ಟೆಯಲ್ಲಿ ಮೂರು ಕಂಪ್ರೆಸರು, ಗುಂಡಿ ಒತ್ತಿದರೆ ಮೂರೂ ಒಟ್ಟಿಗೆ ನಿಲ್ಲಲ್ಲ, ಒಂದಾದ ಮೇಲೆ ಒಂದು ನಿಲ್ಲುತ್ತವೆ. ಅವಳಿಗೆ ಅದು ಗೊತ್ತಿತ್ತು. ಹೇಳಲಿಲ್ಲ. ಈಗ ಅವಳ ಬಾಯಿಂದ ಬರುವ ಯಾವ ಮಾತಿಗೂ ಬೆಲೆ ಇರಲಿಲ್ಲ.

ಮೊರೆತ ಮತ್ತೊಂದು ಹಂತ ಇಳಿಯಿತು.

"ಇನ್ನೂರ ಎಂಬತ್ತು," ಅಂದ ಟೆಸ್ಟರ್. "ಎಪ್ಪತ್ತೈದು. ಇನ್ನೂರ ಅರವತ್ತೆಂಟು."

ಅರ್ಧ ನಿಮಿಷದ ಮೇಲೆ ಮೂರನೆಯದೂ ಸುಮ್ಮನಾಯಿತು.

"ಇನ್ನೂರ ನಲವತ್ತಾರು." ಅವನು ಲೆಕ್ಕ ಹಾಕೋಕೆ ಬೆರಳು ಬಳಸಲಿಲ್ಲ. "ಅರವತ್ತಾರು, ಅಕ್ಕ."

ಮೀಟರಕ್ಕ ಗೋಡೆಯಿಂದ ತಿರುಗಿದಳು. ಅಲ್ಲೇ ಕೇಬಲ್ ಸುರುಳಿಯ ಮೇಲೆ ಕೂತಳು. ಮೇಡಂ ವರದಿಯನ್ನ ಕಡತದೊಳಗೆ ಇಡಲು ಹೋಗಿ ಎರಡು ಸಲ ತಪ್ಪಿದರು. ಚಿಲ್ಲರಿಗೆ ಬೀಗ ಬಿತ್ತು. ಹನ್ನೊಂದಕ್ಕೆ ದೀಪಗಳು ಒಮ್ಮೆ ಮಿಟುಕಿ ಮತ್ತೆ ಹತ್ತಿಕೊಂಡವು, ಜನರೇಟರ್ ಮುಲುಗಿ ಹೊರೆ ಹೊತ್ತುಕೊಂಡಿತು. ನೂರ ನಲವತ್ತೊಂದು. ಟೆಸ್ಟರ್ ಮಧ್ಯಾಹ್ನದವರೆಗೆ ಆ ಅಂಕಿಯ ಮುಂದಿನಿಂದ ಕದಲಲಿಲ್ಲ.

ಒಂದೂವರೆಗೆ ಸರ್ಜನ್ ಬೆವರಿನಲ್ಲಿ ತೊಪ್ಪೆಯಾಗಿ ಹೊರಗೆ ಬಂದರು. ಮೊದಲು ಹುಡುಗಿಯ ತಾಯಿಗೆ ಮಗು ಉಳಿಯಿತು ಅಂದರು, ಆಮೇಲೆ ಕೆಳಗೆ ಇಳಿದು ಬಂದು, ಒಳಗೆ ಬೇಯಿಸಿಬಿಟ್ಟಿರಲ್ಲ ಅಂತ ಟೆಸ್ಟರಿಗೆ ಬಾಯಿಗೆ ಬಂದ ಹಾಗೆ ಬೈದರು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಮೀಟರಕ್ಕ ಮಧ್ಯೆ ಬಂದು, "ಬೈಯೋದಾದ್ರೆ ನನಗೆ ಬೈರಿ ಡಾಕ್ಟ್ರೇ," ಅಂದಳು. ನೀವ್ಯಾರು ಅಂತ ಕೇಳಿ, ಉತ್ತರಕ್ಕೂ ಕಾಯದೆ ಅವರು ಹೊರಟುಹೋದರು.

ಸಂಜೆ ಮೇಡಂ ಅವಳನ್ನ ಕೋಣೆಗೆ ಕರೆದು ಕೂರಿಸಿದರು. ದನಿ ಮೆತ್ತಗಾಗಿತ್ತು. "ನಿಮ್ಮ ಹೆಸರು ಕೆಡೋದು ಬೇಡ. ಉಪಕರಣದ ದೋಷ ಅಂತ ಬರೆದು ಹಳೇ ವರದಿ ವಾಪಸ್ ತಗೊಳ್ಳಿ. ನಾವೂ ಅಷ್ಟಕ್ಕೇ ಬಿಡ್ತೀವಿ."

ಆಸೆಯಾಗಲಿಲ್ಲ ಅಂದರೆ ಸುಳ್ಳು. ಪೆನ್ನು ಕೈಗೆ ತಗೊಂಡಳು. ಆಮೇಲೆ, "ಮೀಟರು ನಾನು ಬರೆದ ಬಾಣ ನೋಡಿಕೊಂಡು ಸರಿಯಾಗೇ ಅಳೀತು, ಮೇಡಂ," ಅಂದು, 'ಗುರುತು ತಪ್ಪಾಗಿ ಬರೆದವಳು ನಾನು, ಅನುಮಾನ ಕೇಳಿದವರನ್ನ ಗದರಿಸಿದವಳೂ ನಾನು' ಅಂತ ಬರೆದು ಸಹಿ ಹಾಕಿದಳು. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಅವನು ಬಾಯಲ್ಲಿದ್ದ ದಾರ ತೆಗೆದು, "ಸದ್ಯ, ಈಗ ನೀನೂ ನಮ್ಮ ಸಾಲಿಗೆ ಬಂದೆ," ಅಂದ. ಅವಳಿಗೆ ಅಳು ಬಂತು. ಅವನು ಬಟ್ಟೆ ಪಕ್ಕಕ್ಕಿಟ್ಟು ಅವಳ ಹತ್ತಿರ ಬಂದು ಕೂತ.

ಶುಕ್ರವಾರ ಹೊಸ ಟ್ರಾನ್ಸ್‌ಫಾರ್ಮರ್ ಮೇಲೆ ಚಿಲ್ಲರ್ ಓಡುತ್ತಿತ್ತು. ಅವಳು ಹೊಸ ಕ್ಲಾಂಪು ತಂದು, ಒಂದೊಂದು ತಂತಿಯನ್ನ ಬೇರೆ ಬೇರೆ ನೋಡಿ, ಬರೆದುಕೊಂಡಳು. ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತೊಂದು ಮುಕ್ಕಾಲು. ಹೊಸ ವರದಿಯ ಕೆಳಗೆ 'ಪರಿಶೀಲಿಸಿದವರು' ಅಂತ ಒಂದು ಗೆರೆ ಎಳೆದಿದ್ದಳು. ಹಳೇ ವರದಿಗಳಲ್ಲಿ ಅಂಥ ಗೆರೆಯೇ ಇರಲಿಲ್ಲ. ಕಾಗದವನ್ನ ಟೆಸ್ಟರ್ ಮುಂದೆ ಇಟ್ಟು, "ಇಲ್ಲಿ ಸಹಿ ಹಾಕು," ಅಂದಳು.

ಅವನು ಪೆನ್ನು ತೆಗೆದ. ಮತ್ತೆ ಜೇಬಿಗಿಟ್ಟ.

"ಅಕ್ಕ, ತಪ್ಪು ತಿಳ್ಕೋಬೇಡಿ. ಮೊದಲು ನಾನು ಅಳೆದು ನೋಡ್ಬೇಕು."

ನೋವಾಯಿತು. ಸುಳ್ಳು ಯಾಕೆ ಹೇಳಬೇಕು, ಎದೆಗೆ ಚುಚ್ಚಿದ ಹಾಗಾಯಿತು. ಇವನಿಗೆ ಕ್ಲಾಂಪು ಹಿಡಿಯೋದು ಕಲಿಸಿದವಳೇ ಅವಳು. ಅವಳು ಮೂರೂ ತಂತಿಯಿಂದ ಕ್ಲಾಂಪು ಬಿಚ್ಚಿ, ಮೀಟರನ್ನ ಸೊನ್ನೆಗೆ ತಂದು, ಎಲ್ಲವನ್ನೂ ಅವನ ಕೈಗಿಟ್ಟಳು. ತನ್ನ ಅಂಕಿ ಬರೆದ ಕಾಗದ ಅವನಿಗೆ ಕಾಣದ ಹಾಗೆ ಮಡಿಚಿ ಹಿಡಿದು, ಅವನು ಅಳೆದು ಮುಗಿಸುವವರೆಗೆ ಪಕ್ಕದಲ್ಲಿ ಸುಮ್ಮನೆ ನಿಂತಳು.